ಪರದೆಯ ಚುಕ್ಕೆಯನ್ನು ನಂಬಿದ ಹಡಗುಗಳು

2013ರ ಜನವರಿ 17ರ ನಸುಕಿನಲ್ಲಿ ಅಮೆರಿಕ ನೌಕಾಪಡೆಯ ‘ಗಾರ್ಡಿಯನ್’ ಹಡಗು ಫಿಲಿಪೀನ್ಸ್‌ನ ಸುಲು ಸಮುದ್ರದಲ್ಲಿ ತುಬ್ಬತಾಹ ಹವಳದ ದಿಬ್ಬಕ್ಕೆ ಬಡಿದು ಸಿಕ್ಕಿಕೊಂಡಿತು. ಅದು ಬಳಸುತ್ತಿದ್ದ ಡಿಜಿಟಲ್ ನಕ್ಷೆ ಆ ದಿಬ್ಬವನ್ನು ಸುಮಾರು 8 ನಾಟಿಕಲ್ ಮೈಲಿ ಆಚೆ ತೋರಿಸಿತ್ತು. ಹಾಗಾದರೆ ತಪ್ಪು ನಕ್ಷೆಯದೇ ಎನ್ನಬಹುದು. ನೌಕಾಪಡೆಯ ತನಿಖೆ ಹಾಗೆ ಹೇಳಲಿಲ್ಲ. ದಿಬ್ಬವನ್ನು ಸರಿಯಾದ ಜಾಗದಲ್ಲಿ ತೋರಿಸುವ ಇನ್ನೊಂದು ನಕ್ಷೆಯೂ ಇತ್ತು. ಕಣ್ಣಿಗೆ ಬಿದ್ದ ಗುರುತುಗಳು, ಯಂತ್ರಗಳ ಎಚ್ಚರಿಕೆಗಳು ಗಂಟೆಗಳ ಮೊದಲೇ ಸಿಕ್ಕಿದ್ದವು. ಅವನ್ನು ಒಂದಕ್ಕೊಂದು ತಾಳೆ ನೋಡುವವರು ಇರಲಿಲ್ಲ. ಕೊನೆಗೆ ಹಡಗನ್ನು ತುಂಡು ತುಂಡಾಗಿ ಕತ್ತರಿಸಿಯೇ ತೆಗೆಯಬೇಕಾಯಿತು.

ಹಳೆಯ ನಾವಿಕರ ಪದ್ಧತಿಯನ್ನು ನಾನು ಮೆಚ್ಚುವುದು ಈ ತಾಳೆ ನೋಡುವ ಶಿಸ್ತಿಗಾಗಿ. ದೀಪಸ್ತಂಭ ಕಂಡರೆ ದಿಕ್ಸೂಚಿಯಿಂದ ಅದರ ದಿಕ್ಕು ಅಳೆದು ಕಾಗದದ ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ದಡದ ಇನ್ನೊಂದು ಗುರುತಿನಿಂದ ಎರಡನೆಯ ಗೆರೆ, ಮತ್ತೊಂದರಿಂದ ಮೂರನೆಯದು. ಮೂರೂ ಒಂದೇ ಬಿಂದುವಿನಲ್ಲಿ ಕೂಡುವುದು ಅಪರೂಪ. ನಡುವೆ ಪುಟ್ಟ ತ್ರಿಕೋನ ಉಳಿಯುತ್ತದೆ. ಆ ತ್ರಿಕೋನ ದೊಡ್ಡದಾದರೆ ಲೆಕ್ಕದಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದು ಅರ್ಥ. ಅಂದರೆ ಈ ವಿಧಾನ ತನ್ನ ಅನುಮಾನವನ್ನು ತಾನೇ ಬರೆದು ತೋರಿಸುತ್ತದೆ. ಪರದೆಯ ಮೇಲಿನ ಚುಕ್ಕೆ ಸರಿಯಿದ್ದಾಗಲೂ ತಪ್ಪಿದ್ದಾಗಲೂ ಒಂದೇ ಥರ ಕಾಣುತ್ತದೆ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಹಲವು ಹಡಗುಗಳ ಜಿಪಿಎಸ್, ಅವು ನೆಲದ ಮೇಲಿನ ವಿಮಾನ ನಿಲ್ದಾಣದಲ್ಲಿವೆ ಎಂದು ತೋರಿಸಿತ್ತು. ಅಷ್ಟು ದೊಡ್ಡ ತಪ್ಪಾದ್ದರಿಂದ ಗೊತ್ತಾಯಿತು. ಅರ್ಧ ಮೈಲಿಯ ತಪ್ಪಾಗಿದ್ದರೆ?

ಅದೇ ವರ್ಷ ಆಗಸ್ಟ್ 21ರಂದು ಸಿಂಗಪುರದ ಬಳಿ ಅಮೆರಿಕದ ‘ಜಾನ್ ಎಸ್. ಮೆಕೇನ್’ ಯುದ್ಧನೌಕೆ ತೈಲದ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಟಚ್‌ಸ್ಕ್ರೀನಿನಲ್ಲಿ ಚುಕ್ಕಾಣಿಯ ಹಿಡಿತ ಪಕ್ಕದ ಆಸನಕ್ಕೆ ಹೋಗಿದ್ದು ಯಾರಿಗೂ ತಿಳಿಯದೆ, ಚುಕ್ಕಾಣಿಯೇ ಕೆಟ್ಟಿದೆ ಎಂದುಕೊಂಡರು. ಪಾಳಿಯಲ್ಲಿದ್ದ ಕೆಲವರು ಬೇರೆ ಹಡಗಿನಿಂದ ಬಂದವರು. ಆ ವ್ಯವಸ್ಥೆಯಲ್ಲಿ ಅವರಿಗೆ ಸಾಕಷ್ಟು ತರಬೇತಿ ಇರಲಿಲ್ಲ. ಮುಂದೆ ನೌಕಾಪಡೆ, ವೇಗ ನಿಯಂತ್ರಣಕ್ಕೆ ಕೈಯಲ್ಲಿ ಹಿಡಿದು ಸರಿಸುವ ಸನ್ನೆಗಳನ್ನೇ ಮರಳಿ ತರಲು ನಿರ್ಧರಿಸಿತು. ಒಳ್ಳೆಯ ನಿರ್ಧಾರ, ಆದರೆ ಅರ್ಧ ಪರಿಹಾರ. ಯಂತ್ರ ಬಂತೆಂದು ಕಲಿಕೆಯನ್ನು ಮೊಟಕು ಮಾಡಿದ್ದೇ ಮೂಲ ತಪ್ಪು. 2003ರಲ್ಲಿ ಹೊಸ ಅಧಿಕಾರಿಗಳ ತರಗತಿ ಪಾಠವನ್ನು ತೆಗೆದು ಕೈಗೆ ಸಿ.ಡಿ.ಗಳನ್ನು ಕೊಟ್ಟದ್ದು ಇದೇ ನೌಕಾಪಡೆ. ಅನಾಪೊಲಿಸ್‌ನಲ್ಲಿರುವ ಅದರ ಅಕಾಡೆಮಿ ಕೈಬಿಟ್ಟಿದ್ದ ನಕ್ಷತ್ರ ನೋಡಿ ದಾರಿ ಕಾಣುವ ಪಾಠ 2015ರಲ್ಲಷ್ಟೇ ಮರಳಿತು.

ನಕ್ಷತ್ರದ ಎತ್ತರವನ್ನು ಅಳೆಯುವ ಸೆಕ್ಸ್ಟೆಂಟ್ ಜಿಪಿಎಸ್‌ಗೆ ಸಮವಲ್ಲ, ನಿಜ. ನುರಿತ ಕೈಯಲ್ಲೂ ಅದರ ಲೆಕ್ಕ ಒಂದೆರಡು ಮೈಲಿ ಆಚೀಚೆ ಆಗುತ್ತದೆ. ಇಕ್ಕಟ್ಟಿನ ಜಲಸಂಧಿಯಲ್ಲಿ ಅದನ್ನೇ ನಂಬಿ ಸಾಗುವಂತಿಲ್ಲ. ಅದು ಕಲಿಸುವುದು ಅಳೆಯುವ, ಮತ್ತೆ ಅಳೆಯುವ ಅಭ್ಯಾಸವನ್ನು. ಹಾಯಿಹಡಗು ‘ತರಂಗಿಣಿ’ಯಲ್ಲಿ ಕೆಡೆಟ್‌ಗಳಿಗೆ ತರಬೇತಿ ಕೊಡುವ ನಮ್ಮ ನೌಕಾಪಡೆ ಆ ತರಬೇತಿಯನ್ನು ಹಳೆಯ ಕಾಲದ ನೆನಪಿನಂತೆ ಕಾಣದೆ, ಯುದ್ಧನೌಕೆಯ ಪ್ರತಿ ಪಾಳಿಗೂ ಈ ಅಳೆಯುವ ಅಭ್ಯಾಸವನ್ನು ಕಡ್ಡಾಯ ಮಾಡಬೇಕು.