ಜನಸಾಗರವೆಂಬ ರೂಢಿಯ ಮಾತು

ನಮ್ಮ ಯಾವ ವೃತ್ತಪತ್ರಿಕೆಯನ್ನು ತೆರೆದರೂ, ಎಲ್ಲಿಯಾದರೂ ನಾಲ್ಕು ಸಾವಿರ ಮಂದಿ ಕೂಡಿದರೆಂದರೆ ಸಾಕು, ಅಲ್ಲಿ ‘ಜನಸಾಗರ’ ಹರಿದು ಬಂದಿರುತ್ತದೆ. ರಥೋತ್ಸವಕ್ಕೂ ಅದೇ ಸಾಗರ, ಚುನಾವಣೆಯ ಸಭೆಗೂ ಅದೇ ಸಾಗರ, ಮಹನೀಯರ ಅಂತ್ಯಯಾತ್ರೆಗೂ ಅದೇ ಸಾಗರ. ಹರಿಯತಕ್ಕದ್ದು ಹೊಳೆಯಲ್ಲವೆ, ಸಾಗರವು ಹರಿದು ಬರುವುದುಂಟೆ ಎಂದು ಕೇಳುವವರಿಲ್ಲ. ಇದು ಕೇವಲ ಅಲಂಕಾರದೋಷವಾಗಿದ್ದರೆ ಸುಮ್ಮನಿರಬಹುದಾಗಿತ್ತು. ಇದರಿಂದ ಆಗುತ್ತಿರುವ ಹಾನಿ ಅದಕ್ಕಿಂತ ದೊಡ್ಡದೆಂಬುದು ನಮ್ಮ ಅಭಿಪ್ರಾಯ.

ಕನ್ನಡವು ಈ ವಿಷಯದಲ್ಲಿ ಬಡಭಾಷೆಯಲ್ಲ. ಜನರು ಏತಕ್ಕೆ ಕೂಡಿದರೆಂಬುದನ್ನು ತಿಳಿಸುವ ಪದಗಳದು ಒಂದು ಬಗೆ. ‘ಯಾತ್ರಾ’ ಶಬ್ದದ ತದ್ಭವವಾದ ಜಾತ್ರೆಯಲ್ಲಿ ನಡೆದು ಬಂದ ದಾರಿಯ ನೆನಪಿದೆ; ‘ಪರಿಷತ್’ ಶಬ್ದದಿಂದ ಬಂದ ಪರಿಷೆಯಲ್ಲಿ ಕೂಡಿ ಕುಳಿತ ಸಭೆಯ ನೆನಪಿದೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರದಂದು ಸೇರುವ ಕಡಲೆಕಾಯಿ ಪರಿಷೆಯು ಈ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಕೊಳ್ಳಲು ಮಾರಲು ಬಂದವರದು ಸಂತೆ. ಕಾದಲು ಹೊರಟವರದು ದಂಡು. ಹಳಗನ್ನಡದ ‘ನೆರವಿ’ಯು ಕೂಡುವುದೆಂಬ ಅರ್ಥದ ‘ನೆರೆ’ ಧಾತುವಿನದು. ‘ನೆರೆಮನೆ’ಯಲ್ಲಿ ಇರುವುದೂ ಅದೇ. ನೆರವಿಯಲ್ಲಿ ನಿಂತವರೆಲ್ಲರೂ ಒಬ್ಬರಿಗೊಬ್ಬರು ಪಕ್ಕದವರೆಂದಾಯಿತು. ಹಿಂಡು, ಮಂದೆಗಳಾದರೋ ದನಕುರಿಗಳಿಗೆ ಸಲ್ಲತಕ್ಕವು. ಮನುಷ್ಯರಿಗೆ ಹೇಳಿದರೆ ತಿರಸ್ಕಾರವನ್ನು ಜೊತೆಯಲ್ಲಿಯೇ ತರುತ್ತವೆ.

ಎರಡನೆಯ ಬಗೆ ಸಂಖ್ಯೆಯದು. ಭಾರತದ ಕಥೆಯಲ್ಲಿ ಒಂದು ಅಕ್ಷೌಹಿಣಿಯೆಂದರೆ ೨೧,೮೭೦ ರಥಗಳು, ಅಷ್ಟೇ ಆನೆಗಳು, ೬೫,೬೧೦ ಕುದುರೆಗಳು, ೧,೦೯,೩೫೦ ಕಾಲಾಳುಗಳು. ಅಲ್ಲಿ ಅತಿಶಯೋಕ್ತಿಗೂ ಒಂದು ಲೆಕ್ಕವಿತ್ತು. ಇಂದಿನ ‘ಲಕ್ಷೋಪಲಕ್ಷ’ಕ್ಕೆ ಲೆಕ್ಕವೂ ಇಲ್ಲ, ಚಿತ್ರವೂ ಇಲ್ಲ.

ಮೂರನೆಯದು, ಎಲ್ಲಕ್ಕಿಂತಲೂ ಮುಖ್ಯವಾದುದು, ದಟ್ಟಣೆಯ ಬಗೆ. ಸಂದಣಿ, ಇಕ್ಕಟ್ಟು, ಕಿಕ್ಕಿರಿದರು ಎಂಬ ಮಾತುಗಳು ಇದಕ್ಕೆ ಸೇರಿದವು. ‘ಎಳ್ಳು ಹಾಕಿದರೆ ಕೆಳಗೆ ಬೀಳದು’ ಎನ್ನುವ ನಮ್ಮ ಹಳ್ಳಿಗರು ತಲೆಗಳನ್ನು ಎಣಿಸುವುದಿಲ್ಲ. ತಲೆಗಳ ನಡುವಣ ತೆರವನ್ನು ಅಳೆಯುತ್ತಾರೆ. ಈ ಅಳತೆಯಲ್ಲಿ ಎಷ್ಟು ವಿವೇಕವಿದೆಯೆಂಬುದು ಇಂದಿನ ಶಾಸ್ತ್ರಜ್ಞರಿಂದಲೂ ತಿಳಿಯುತ್ತದೆ. ಒಂದು ಚದರ ಮೀಟರಿನೊಳಗೆ ಆರೇಳು ಮಂದಿ ಸಿಕ್ಕಿಕೊಂಡರೆ ಯಾರೂ ತಮ್ಮ ಇಚ್ಛೆಯಂತೆ ಕದಲಲಾರರು. ಒಂದೆಡೆಯ ಒತ್ತಡವು ಅಲೆಯಂತೆ ಮತ್ತೊಂದೆಡೆಗೆ ಸಾಗುತ್ತದೆ. ಸಾಗರದ ಉಪಮೆಯು ನಿಜವಾಗಿ ಸಲ್ಲುವುದು ಆಗ ಮಾತ್ರ; ಆಗ ಅದು ವೈಭವದ ಮಾತಲ್ಲ, ಭಯದ ಮಾತು.

೨೦೨೫ನೆಯ ಇಸವಿ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ತಂಡವೊಂದರ ವಿಜಯೋತ್ಸವಕ್ಕೆಂದು ಬಂದವರಲ್ಲಿ ೧೧ ಮಂದಿ ಇಕ್ಕಟ್ಟಿಗೆ ಸಿಕ್ಕಿ ಮೃತರಾದರು. ಆ ದುರಂತಕ್ಕೆ ‘ಕಾಲ್ತುಳಿತ’ವೆಂಬ ಹೆಸರೇ ನಿಂತುಹೋಯಿತು. ಆದರೆ ಇಂತಹ ಅವಘಡಗಳಲ್ಲಿ ಸಾಯುವವರು ಬಹುಮಟ್ಟಿಗೆ ಎದೆ ಅದುಮಿ ಉಸಿರು ಕಟ್ಟಿದವರು. ಎಷ್ಟೋ ಮಂದಿಗೆ ನಿಂತಲ್ಲಿಯೇ ಪ್ರಾಣ ಹೋಗುತ್ತದೆ. ಕಾಲ್ತುಳಿತವೆಂದೊಡನೆ ತುಳಿದ ಕಾಲುಗಳು ಕಣ್ಣಿಗೆ ಬರುತ್ತವೆ. ತಪ್ಪೆಲ್ಲವೂ ಜನರ ತಲೆಯ ಮೇಲೆ ಬೀಳುತ್ತದೆ. ‘ಇಕ್ಕಟ್ಟು’ ಎಂದಿದ್ದರೆ, ಸ್ಥಳವೆಷ್ಟಿತ್ತು, ಬಾಗಿಲೆಷ್ಟಿತ್ತು, ಅಷ್ಟು ಮಂದಿಯನ್ನು ಅಲ್ಲಿಗೆ ಬರಗೊಟ್ಟವರಾರು ಎಂಬ ಪ್ರಶ್ನೆಗಳು ತಾವಾಗಿ ಏಳುತ್ತಿದ್ದವು. ಜನಸಾಗರವು ಮುನ್ನಾದಿನ ಸಂಭ್ರಮವನ್ನು ಹೇಳುತ್ತದೆ. ಕಾಲ್ತುಳಿತವು ಮರುದಿನ ಅಪರಾಧವನ್ನು ಹೇಳುತ್ತದೆ. ಇವೆರಡರ ನಡುವೆ ಉಸಿರಿಗಾಗಿ ಬಾಯಿ ತೆರೆದ ಮನುಷ್ಯನನ್ನು ಹೇಳುವ ಮಾತೇ ಇಲ್ಲವಾಯಿತು.

‘ಜನ ಮರುಳೋ ಜಾತ್ರೆ ಮರುಳೋ’ ಎಂದು ನಗುವುದು ಸುಲಭ. ಬರೆಯುವವರ ಕರ್ತವ್ಯವು ಅದಕ್ಕಿಂತ ಕಠಿನವಾದುದು. ಜನರು ಏತಕ್ಕೆ ಬಂದರು, ಎಷ್ಟು ಮಂದಿ ಬಂದರು, ನಡುವೆ ಎಷ್ಟು ತೆರವಿತ್ತು ಎಂಬ ಮೂರನ್ನೂ ವಿಚಾರಿಸಿಕೊಂಡು ಪದವನ್ನು ಆರಿಸಬೇಕು. ಅದಕ್ಕೆ ಹೊಸ ಶಬ್ದಗಳನ್ನು ಕಟ್ಟಬೇಕಾದುದೂ ಇಲ್ಲ. ನಮ್ಮ ಮನೆಯ ಹಿರಿಯರು ಜಾತ್ರೆಯಿಂದ ಹಿಂದಿರುಗಿ ಜಗುಲಿಯ ಮೇಲೆ ಕುಳಿತು ಆಡುವ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ಸಾಕು.