ಆಟದ ಮಣೆಯ ಮೇಲೆ ಅರ್ಥಶಾಸ್ತ್ರ

1905ನೆಯ ಇಸವಿಯಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕಭಂಡಾರಕ್ಕೆ ಗ್ರಂಥಲಿಪಿಯ ತಾಳೆಯೋಲೆಯ ಕಟ್ಟೊಂದನ್ನು ಒಪ್ಪಿಸಿದರು. ಭಂಡಾರದ ಅಧಿಕಾರಿಗಳಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿನೋಡಲಾಗಿ, ಬಹುಕಾಲದಿಂದ ಹೆಸರು ಮಾತ್ರ ಉಳಿದು ಬಂದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂದು ತಿಳಿದುಬಂದಿತು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾಗಿ ಹೊರಬಿದ್ದುವು. ಅಲ್ಲಿಂದ ಒಂದು ಶತಮಾನ ಕಳೆದ ಮೇಲೆ, 2018ರಲ್ಲಿ, ಅದೇ ಹೆಸರು ಅಮೆರಿಕದ ಫಿರಾಕ್ಸಿಸ್ ಸಂಸ್ಥೆಯವರ ‘ಸಿವಿಲೈಸೇಷನ್’ ಎಂಬ ಗಣಕದ ಆಟದಲ್ಲಿ ಕಾಣಿಸಿಕೊಂಡಿತು. ಆಟದ ಆರನೆಯ ಆವೃತ್ತಿಗೆ ಆ ವರ್ಷ ಹೊರಟ ಅನುಬಂಧದಲ್ಲಿ ಚಂದ್ರಗುಪ್ತ ಮೌರ್ಯನು ಭರತಖಂಡದ ನಾಯಕರಲ್ಲೊಬ್ಬನು. ಅವನಿಗೆ ಕೊಟ್ಟಿರುವ ವಿಶೇಷಶಕ್ತಿಯ ಹೆಸರು ‘ಅರ್ಥಶಾಸ್ತ್ರ’. ಆ ಶಕ್ತಿಯಾದರೂ ಎಂತಹುದು? ನೆರೆಯವನ ಮೇಲೆ ಭೂವಿಸ್ತಾರದ ಯುದ್ಧವನ್ನು ಸಾರುವ ಅಧಿಕಾರವು ಇತರರಿಗಿಂತ ಮುಂಚಿತವಾಗಿಯೇ ಅವನಿಗೆ ದೊರೆಯುವುದು. ಸಾರಿದ ಮೊದಲ 10 ಸರದಿಗಳಲ್ಲಿ ಸೇನೆಯ ವೇಗವೂ ಬಲವೂ ಹೆಚ್ಚುವುವು. ಇಷ್ಟೆ. 15 ಅಧಿಕರಣ, 150 ಅಧ್ಯಾಯ, 180 ಪ್ರಕರಣಗಳ ಮಹಾಶಾಸ್ತ್ರವೊಂದು ದಂಡಯಾತ್ರೆಯ ಕಹಳೆಯಾಗಿ ಪರಿಣಮಿಸಿತು.

ಹುಡುಗರ ಆಟವನ್ನು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶಿಸುವುದೇ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಮೇಲೆ ಗ್ರಂಥರಚನೆ ಮಾಡಿದುದನ್ನು ಯಾರೂ ಹುಡುಗಾಟವೆಂದು ಹಳಿದಿಲ್ಲ. ಅದಲ್ಲದೆ ಈ ಆಟಗಳಿಗೆ ವಸ್ತುವುಂಟು, ನಾಯಕನುಂಟು, ನಾಯಕನ ಬಾಯಲ್ಲಿ ಮಾತೂ ಉಂಟು. ಅರಳಸುರಳಿಯಂತಹ ಹಳ್ಳಿಯ ಅಡಕೆತೋಟದ ಮನೆಯಲ್ಲಿ ರಜೆಗೆ ಬಂದ ಹುಡುಗನು ಜಗಲಿಯ ಮೂಲೆಯಲ್ಲಿ ಕುಳಿತು ರೋಮನ್ನೋ ಪಾಟಲೀಪುತ್ರವನ್ನೋ ಕಟ್ಟುತ್ತಿರುವಾಗ, ರಾಜ್ಯವೆಂದರೆ ಏನೆಂಬ ಪಾಠವು ಅವನಿಗೆ ಶಾಲೆಯ ಪುಸ್ತಕಕ್ಕಿಂತ ಗಾಢವಾಗಿ ಅಲ್ಲಿಯೇ ಆಗುತ್ತಿರುವುದು. ಆ ಪಾಠವು ಸರಿಯೋ ತಪ್ಪೋ ಎಂದು ನೋಡುವುದು ವಿಮರ್ಶಕನ ಕೆಲಸವೇ.

ಸಿಡ್ ಮಯರ್ ಎಂಬವರು 1991ರಲ್ಲಿ ಹೊರತಂದ ಮೊದಲ ‘ಸಿವಿಲೈಸೇಷನ್’ ಈ ಜಾತಿಗೆ ಮೂಲಪುರುಷನಿದ್ದಂತೆ. 1997ರ ‘ಏಜ್ ಆಫ್ ಎಂಪೈರ್ಸ್’, 2004ರ ‘ರೋಮ್: ಟೋಟಲ್ ವಾರ್’, 2019ರ ‘ಇಂಪರೇಟರ್: ರೋಮ್’ ಮೊದಲಾದುವು ಅನಂತರ ಬಂದುವು, ಒಂದೊಂದರ ಕ್ರಮ ಒಂದೊಂದು ಬಗೆ. ಆರನೆಯ ‘ಸಿವಿಲೈಸೇಷನ್’ನಲ್ಲಿ ಭೂಮಿಯೆಲ್ಲ ಆರು ಮೂಲೆಯ ಮನೆಗಳಾಗಿ ಹಂಚಿರುವುದು. ಕ್ರಿಸ್ತಪೂರ್ವ 4000ದಲ್ಲಿ ಆಟಗಾರನು ಒಂದು ನಗರವನ್ನು ನೆಲೆಗೊಳಿಸಿ, ಹೊಲ ಗಣಿಗಳನ್ನು ಮಾಡಿಕೊಂಡು, ವಿದ್ಯೆಗಳನ್ನು ಒಂದೊಂದಾಗಿ ಸಂಪಾದಿಸುತ್ತ, ಇಂದಿನ ಕಾಲದವರೆಗೆ ರಾಜ್ಯವನ್ನು ನಡೆಸತಕ್ಕದ್ದು. ಅನ್ನವಿಲ್ಲದೆ ಊರು ಬೆಳೆಯದು, ದಾರಿಯಿಲ್ಲದೆ ವ್ಯಾಪಾರ ಸಾಗದು, ಬೊಕ್ಕಸ ಬರಿದಾದರೆ ಸೇನೆ ನಿಲ್ಲದು. ಇವೆಲ್ಲವನ್ನೂ ಈ ಆಟವು ಲೆಕ್ಕದಿಂದ ಕಲಿಸುವುದು; ಅರಸರ ಹೆಸರುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಚರಿತ್ರೆಗಿಂತ ಇದು ಮೇಲೆಂಬುದರಲ್ಲಿ ಸಂದೇಹವಿಲ್ಲ.

ಮತ್ತೂ ಒಂದು ಗುಣವನ್ನು ಒಪ್ಪಬೇಕು. ಗಣಕವೇ ಚಂದ್ರಗುಪ್ತನಾಗಿ ಆಡುವಾಗ ಅವನ ಸ್ವಭಾವವು ವಿಲಕ್ಷಣವಾದುದು: ಎಲ್ಲೆಗೆ ತಾಗಿದವನನ್ನು ದ್ವೇಷಿಸುವನು, ದೂರದವನಲ್ಲಿ ಸ್ನೇಹ ತೋರುವನು. ಅರಿ, ಅವನಾಚೆಗೆ ಮಿತ್ರ, ಅದರಾಚೆಗೆ ಅರಿಮಿತ್ರ ಎಂಬ ಮಂಡಲವಿಚಾರವನ್ನು ಪಾಠಶಾಲೆಯಲ್ಲಿ ಓದಿದವರಿಗೆ ಇದನ್ನು ಕಂಡು ನಗೆಯೂ ಸಂತೋಷವೂ ಒಟ್ಟಿಗೆ ಬಾರದಿರವು. ಹನ್ನೆರಡು ರಾಜರ ಮಂಡಲವನ್ನು ಎರಡೇ ಸಾಲಿನ ನಿಯಮವಾಗಿ ಇಳಿಸಿದ್ದಾರೆ, ಇಳಿಸುವಾಗ ಕೆಟ್ಟಿಲ್ಲ.

ಕೆಟ್ಟಿರುವುದು ಹೆಸರಿಟ್ಟ ಕಡೆಯಲ್ಲಿ. ಈ ಗ್ರಂಥದ ಕರ್ತೃ ಮೌರ್ಯಮಂತ್ರಿಯಾದ ಚಾಣಕ್ಯನೇ ಹೌದೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ, ಅದು ಒತ್ತಟ್ಟಿಗಿರಲಿ. ಗ್ರಂಥವು ಹೇಳುವುದೇನು? ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ಗುಣಗಳಲ್ಲಿ ಯುದ್ಧವು ಒಂದು ಮಾತ್ರ. ಸಂಧಿಯಿಂದಲೂ ವಿಗ್ರಹದಿಂದಲೂ ಬರುವ ಲಾಭ ಸಮನಾಗಿದ್ದರೆ ಸಂಧಿಯನ್ನೇ ಹಿಡಿಯಬೇಕೆಂದೂ, ಯುದ್ಧದಲ್ಲಿ ಜನನಾಶ, ವೆಚ್ಚ, ದೂರಪ್ರಯಾಣದ ಕಷ್ಟಗಳು ತಪ್ಪವೆಂದೂ ಅಲ್ಲಿ ಸ್ಪಷ್ಟವಾಗಿದೆ. ಇದು ಕರುಣೆಯ ಮಾತಲ್ಲ, ಲೆಕ್ಕದ ಮಾತು. ಕೌಟಿಲ್ಯನನ್ನು ಶಾಂತಿಮೂರ್ತಿಯನ್ನಾಗಿ ಮಾಡಲು ಹೊರಡುವವರೂ ಅವನನ್ನು ಓದಿದವರಲ್ಲ. ಗೂಢಚಾರರ ಮೇಲೆಯೂ ವಿಷಪ್ರಯೋಗದ ಮೇಲೆಯೂ ಅವನು ಬರೆದುದು ಕಡಮೆಯಲ್ಲ. ಆದರೆ ಲೆಕ್ಕಗಾರನನ್ನು ಕಾಳಗದ ಹುಲಿಯನ್ನಾಗಿ ಮಾಡುವುದು ಇನ್ನೊಂದು ಬಗೆಯ ಅನ್ಯಾಯ.

ವಿಚಿತ್ರವೇನೆಂದರೆ, ಅರ್ಥಶಾಸ್ತ್ರವೆಂಬ ಹೆಸರಿಗೆ ನಿಜವಾಗಿ ತಕ್ಕ ಸ್ಥಳವು ಅದೇ ಅನುಬಂಧದಲ್ಲಿಯೇ ಇತ್ತು. ನಗರಗಳ ‘ನಿಷ್ಠೆ’ ಎಂಬ ಹೊಸ ನಿಯಮವು ಆಟಕ್ಕೆ ಸೇರಿದುದು ಅದರಲ್ಲಿಯೇ. ಗೆದ್ದ ಊರಿನ ನಿಷ್ಠೆ ಕುಂದುತ್ತ ಬಂದರೆ ಅದು ದಂಗೆಯೆದ್ದು ಕೈಬಿಟ್ಟುಹೋಗುವುದು. ಅಧಿಕಾರಿಯನ್ನು ನೇಮಿಸಿ ಅದನ್ನು ಉಳಿಸಿಕೊಳ್ಳಬೇಕು. ಕೌಟಿಲ್ಯನ 13ನೆಯ ಅಧಿಕರಣದ ಕೊನೆಯಲ್ಲಿ ಲಬ್ಧಪ್ರಶಮನವೆಂಬ ಪ್ರಕರಣವೊಂದುಂಟು. ಗೆದ್ದ ನಾಡಿನಲ್ಲಿ ಅರಸನು ಆ ನಾಡಿನವರ ವೇಷ, ಭಾಷೆ, ಆಚಾರಗಳನ್ನು ತಾನೂ ಅನುಸರಿಸಬೇಕು. ಅವರ ದೇವತೆಗಳನ್ನೂ ಉತ್ಸವಗಳನ್ನೂ ಗೌರವಿಸಬೇಕು. ಕೊಟ್ಟ ಮಾತನ್ನು ನಡೆಸಬೇಕು. ತೆರಿಗೆಯಲ್ಲಿ ರಿಯಾಯಿತಿ ತೋರಬೇಕು. ಚಂದ್ರಗುಪ್ತನ ಶಕ್ತಿಯು ನಿಷ್ಠೆಯ ಈ ನಿಯಮಕ್ಕೆ ಹೊಂದಿದುದಾಗಿದ್ದರೆ ಆಟವೂ ಕಳೆಕಟ್ಟುತ್ತಿತ್ತು, ಹೆಸರೂ ಅನ್ವರ್ಥವಾಗುತ್ತಿತ್ತು. ಕೈಯಳತೆಯಲ್ಲಿದ್ದ ದೀಪವನ್ನು ಬಿಟ್ಟು ಕತ್ತಿಯನ್ನು ಎತ್ತಿಕೊಂಡಂತಾಯಿತು.

ಕಾಡಿನ ವಿಷಯದಲ್ಲಿಯೂ ಇದೇ ದೋಷ. ಆಟದಲ್ಲಿ ಕಾಡಿನ ಮನೆಯೊಂದನ್ನು ಕಡಿಸಿದರೆ ಒಡನೆಯೇ ಉತ್ಪತ್ತಿಯ ದೊಡ್ಡ ಗಂಟು ಕೈಸೇರುವುದು; ಜಾಣ ಆಟಗಾರರು ಕಟ್ಟಡವನ್ನು ಬೇಗ ಮುಗಿಸುವುದಕ್ಕೆ ಈ ಉಪಾಯವನ್ನೇ ಹಿಡಿಯುವರು. 2019ರ ಅನುಬಂಧದಲ್ಲಿ ನೆರೆಯೂ ಕಡಲಿನ ಏರಿಕೆಯೂ ಸೇರಿದುವಾದರೂ ಕಡಿಯುವವನ ಕೈ ಹೆಚ್ಚೇನೂ ತಡೆಯಲಿಲ್ಲ. ಸೊಪ್ಪಿನಬೆಟ್ಟವಿಲ್ಲದೆ ತೋಟ ಉಳಿಯದೆಂದು ಬಲ್ಲ ಮಲೆನಾಡಿನವರಿಗೆ ಈ ಲೆಕ್ಕ ಹಿಡಿಸುವುದು ಕಷ್ಟ. ಭಾರತಕ್ಕೆ ಮೀಸಲಾಗಿ ಕೊಟ್ಟಿರುವ ಆನೆಯ ಸೈನ್ಯವೂ ನಗರದಲ್ಲಿ ಎರಕ ಹೊಯ್ದ ಪಾತ್ರೆಯಂತೆ ಸರದಿಗಳ ಲೆಕ್ಕದಲ್ಲಿ ತಯಾರಾಗಿ ಹೊರಬರುವುದು. ಕೌಟಿಲ್ಯನಾದರೋ ರಾಜ್ಯದ ಅಂಚಿನಲ್ಲಿ ಹಸ್ತಿವನವನ್ನು ಕಾಯಿಸುವನು, ಅದಕ್ಕೆ ಅಧ್ಯಕ್ಷನನ್ನು ನೇಮಿಸುವನು, ಆನೆಯನ್ನು ಕೊಂದವನಿಗೆ ಮರಣದಂಡನೆಯನ್ನು ವಿಧಿಸುವನು. ಕಾಡಿಲ್ಲದೆ ಆನೆಯಿಲ್ಲ, ಆನೆಯಿಲ್ಲದೆ ಜಯವಿಲ್ಲವೆಂಬ ಸರಪಣಿ ಅದು. ಸಕ್ರೆಬೈಲಿನ ಬಿಡಾರದಲ್ಲಿ ಮಾವುತರ ಶ್ರಮವನ್ನು ಒಮ್ಮೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನು ಕಾಡಿನ ಜನ! ಆಟದಲ್ಲಿ ಅಲ್ಲಲ್ಲಿ ಬುಡಕಟ್ಟಿನವರ ಹಾಡಿಗಳು ಕಾಣುವುವು. ಆಟಗಾರನ ದಳವು ಕಾಲಿಟ್ಟೊಡನೆ ಹಾಡಿಯು ಏನಾದರೊಂದು ಕಾಣಿಕೆಯನ್ನು ಕೊಟ್ಟು ಮಾಯವಾಗುವುದು. ಜನ ಎಲ್ಲಿ ಹೋದರೆಂದು ಕೇಳುವವರಿಲ್ಲ. ಕೌಟಿಲ್ಯನು ಆಟವಿಕರನ್ನು ನಂಬಿದವನಲ್ಲ, ಆದರೆ ಅವರು ಇದ್ದಾರೆಂಬುದನ್ನು ಮರೆತವನೂ ಅಲ್ಲ.

ಶ್ರವಣಬೆಳಗೊಳದ ಜೈನ ಐತಿಹ್ಯದ ಪ್ರಕಾರ ಚಂದ್ರಗುಪ್ತನು ರಾಜ್ಯವನ್ನು ತ್ಯಜಿಸಿ, ಭದ್ರಬಾಹುವಿನೊಡನೆ ದಕ್ಷಿಣಕ್ಕೆ ಬಂದು, ಚಂದ್ರಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ವಿಜ್ಞಾನ, ಸಂಸ್ಕೃತಿ, ದಿಗ್ವಿಜಯ, ಧರ್ಮ, ರಾಯಭಾರ ಎಂದು ಆಟದಲ್ಲಿ ಗೆಲ್ಲುವ ದಾರಿಗಳು ಹಲವು. ಬಿಟ್ಟುಕೊಡುವ ದಾರಿ ಮಾತ್ರ ಒಂದೂ ಇಲ್ಲ. ಈ ಕೊರತೆ ಆಟ ಮಾಡಿದವರಿಗೂ ತೋರಿರಬೇಕು. 2025ರ ಏಳನೆಯ ಆವೃತ್ತಿಯಲ್ಲಿ ಅಶೋಕನನ್ನು ತಂದಿದ್ದಾರೆ. ತಂದ ಬಗೆ ಮಾತ್ರ ಸೋಜಿಗದ್ದು. ಲೋಕವನ್ನು ಗೆದ್ದ ಅಶೋಕನೊಬ್ಬ, ಲೋಕವನ್ನು ತೊರೆದ ಅಶೋಕನೊಬ್ಬ. ಆಟಗಾರನು ಮೊದಲೇ ಒಬ್ಬನನ್ನು ಆರಿಸಿಕೊಳ್ಳಬೇಕು. ಒಬ್ಬನೇ ಮನುಷ್ಯನು ಮೊದಲಿನವನಾಗಿದ್ದು ಎರಡನೆಯವನಾದುದರಲ್ಲಿ ಅಲ್ಲವೆ ಕಥೆಯ ಜೀವವಿರುವುದು? 13ನೆಯ ಬಂಡೆಶಾಸನದಲ್ಲಿ ಕಳಿಂಗದ ಸಾವುನೋವುಗಳಿಗೆ ಮರುಗುವ ಅರಸನೇ, ಅಡವಿಯ ಜನರಿಗೆ ತನ್ನ ಬಲ ಇನ್ನೂ ಉಳಿದಿದೆಯೆಂದು ಎಚ್ಚರಿಕೆ ಕೊಡುವನು. ಆ ಶಾಸನವನ್ನು ಕಳಿಂಗದ ಧೌಲಿ ಜೌಗಡಗಳಲ್ಲಿ ಕೆತ್ತಿಸದೆ ಬಿಟ್ಟಿರುವನು. ನೊಂದವರ ಮುಂದೆ ಆ ಮಾತು ಬೇಡವೆನಿಸಿತೋ ಏನೋ. ಪಶ್ಚಾತ್ತಾಪವೂ ಪ್ರಭುತ್ವವೂ ಒಂದೇ ಎದೆಯಲ್ಲಿ ಹೀಗೆ ಕೂಡಿರುವುದನ್ನು ಎರಡು ಬೊಂಬೆಗಳಾಗಿ ಸೀಳಿದರೆ ಗೆದ್ದವನಿಗೆ ನೋವಿಲ್ಲ, ತೊರೆದವನಿಗೆ ತೊರೆಯಲು ಏನೂ ಇಲ್ಲ.

ಕಾಲಗಣನೆಯ ಮಾತೊಂದು ಉಳಿಯಿತು. ಆರನೆಯ ಆವೃತ್ತಿಯ ಸಾಮಾನ್ಯ ಗತಿಯಲ್ಲಿ ಪ್ರಾಚೀನಕಾಲದ ಒಂದು ಸರದಿಗೆ 40 ವರ್ಷ. ಈ ಸೀಮೆಯನ್ನಾಳಿದ ಕೆಳದಿಯ ಶಿವಪ್ಪನಾಯಕನ ಆಳ್ವಿಕೆಯೆಲ್ಲ 1645ರಿಂದ 1660ರವರೆಗೆ, ಅರ್ಧ ಸರದಿಯೂ ಆಗದು. ಅವನು ಪ್ರತಿ ಗ್ರಾಮದಲ್ಲಿಯೂ ಒಂದೊಂದು ತರಗತಿಯ ಭೂಮಿಯನ್ನು 12 ವರ್ಷ ಸರ್ಕಾರದ ಕಡೆಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗಲಿದ ವೆಚ್ಚ, ಬಂದ ಫಸಲುಗಳ ಲೆಕ್ಕ ಬರೆಯಿಸಿ, ಅದರ ಮೇಲೆ ಮೂರರಲ್ಲೊಂದು ಪಾಲನ್ನು ಸರ್ಕಾರಕ್ಕೆ ಗೊತ್ತುಮಾಡಿದನೆಂದು ಮೈಸೂರು ಗೆಜೆಟಿಯರಿನಲ್ಲಿ ಸಂಗ್ರಹವಾಗಿದೆ. ಅದೇ ಶಿವಪ್ಪನಾಯಕನ ಶಿಸ್ತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಗಿ ಮನೆತನ ಅಳಿದ ಮೇಲೂ ಕಂದಾಯದ ಕಡತಗಳಲ್ಲಿ ಶಿಸ್ತೆಂಬ ಹೆಸರು ಉಳಿದು ಬಂದಿತು. ಕವಲೇದುರ್ಗದ ಕೋಟೆಯನ್ನು ಆಟದ ಮಣೆಯ ಮೇಲೆ ಕಟ್ಟಿ ತೋರಿಸುವುದು ಸುಲಭ. ಒಂದು ಗದ್ದೆಯನ್ನು ಹನ್ನೆರಡು ಮಳೆಗಾಲ ಉತ್ತು ನೋಡಿ, ಆಮೇಲೆ ಮಾತ್ರ ತೆರಿಗೆ ಹಾಕುವ ಅರಸನನ್ನು ನಾಯಕನನ್ನಾಗಿ ಮಾಡಿ ಆಟ ಕಟ್ಟುವುದಾದರೆ ಸರದಿಯ ಅಳತೆಯನ್ನೇ ಬದಲಿಸಬೇಕಾಗುವುದು.