ಸೋನಿಪತ್‌ನ ಕಾನೂನು ಶಾಲೆಗೆ ಸೇರಬೇಕೆ?

ಪಿಯುಸಿ ಮುಗಿಸಿ ವಕೀಲಿ ಓದಬೇಕೆಂದಿರುವ ಮಕ್ಕಳ ಮನೆಗಳಲ್ಲಿ ಕ್ಲ್ಯಾಟ್ ಫಲಿತಾಂಶ ಬಂದ ಮೇಲೆ ಜಿಂದಾಲ್ ಹೆಸರು ಮಾತಿಗೆ ಬರುತ್ತದೆ. ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಸೀಟು ಸಿಗದಿದ್ದರೇನಂತೆ, ಹರಿಯಾಣದ ಸೋನಿಪತ್‌ನಲ್ಲಿ ಜಿಂದಾಲ್ ಗ್ಲೋಬಲ್ ಲಾ ಸ್ಕೂಲ್ ಇದೆಯಲ್ಲ ಎನ್ನುತ್ತಾರೆ. ಸಾಲ ಮಾಡಿಯಾದರೂ ಮಗಳನ್ನು ಅಲ್ಲಿಗೆ ಕಳಿಸಲು ಸಿದ್ಧರಿರುವ ತಂದೆ ತಾಯಿಯರಿಗಾಗಿ ಈ ಶಾಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕಾಗಿದೆ.

ಶಾಲೆ ಆರಂಭವಾದದ್ದು 2009ರಲ್ಲಿ. ಉಕ್ಕಿನ ಉದ್ಯಮಿ ನವೀನ್ ಜಿಂದಾಲ್ ತಮ್ಮ ತಂದೆಯ ಹೆಸರಿನಲ್ಲಿ ಕಟ್ಟಿದ ವಿಶ್ವವಿದ್ಯಾಲಯದ ಭಾಗ ಇದು. ಇಷ್ಟು ಕಡಿಮೆ ಅವಧಿಯಲ್ಲಿ ಶಾಲೆ ಸಾಧಿಸಿದ್ದು ಸಣ್ಣದಲ್ಲ. ದೇಶ ವಿದೇಶಗಳಲ್ಲಿ ಓದಿದ ದೊಡ್ಡ ಬೋಧಕ ವರ್ಗ ಅಲ್ಲಿದೆ. ಮಾನವ ಹಕ್ಕುಗಳಿಂದ ಹಿಡಿದು ಅಂತರರಾಷ್ಟ್ರೀಯ ವ್ಯಾಪಾರದವರೆಗೆ ಆರಿಸಿಕೊಳ್ಳಬಹುದಾದ ವಿಷಯಗಳ ಪಟ್ಟಿ ಉದ್ದವಾಗಿದೆ, ವಿದೇಶಿ ವಿಶ್ವವಿದ್ಯಾಲಯಗಳ ಜತೆ ವಿನಿಮಯವಿದೆ. ದೆಹಲಿ ಹತ್ತಿರವಿರುವುದರಿಂದ ಸುಪ್ರೀಂ ಕೋರ್ಟ್ ವಕೀಲರ ಬಳಿ ಇಂಟರ್ನ್‌ಶಿಪ್ ಮಾಡುವುದೂ ಸುಲಭ. ನೋಟ್ಸ್ ಬರೆಸಿ, ಅದನ್ನೇ ಪರೀಕ್ಷೆಯಲ್ಲಿ ಒಪ್ಪಿಸಿಕೊಳ್ಳುವ ನಮ್ಮ ಎಷ್ಟೋ ಕಾನೂನು ಕಾಲೇಜುಗಳ ಮುಂದೆ ಈ ಶಾಲೆ ಬೇರೆಯೇ ಮಟ್ಟದ್ದು. ಅದನ್ನು ಮೆಚ್ಚಲು ನನಗೆ ಹಿಂಜರಿಕೆಯಿಲ್ಲ.

ಜಾಹೀರಾತಿನಲ್ಲಿ ಎದ್ದು ಕಾಣುವುದು ಮಾತ್ರ ರ‍್ಯಾಂಕಿಂಗ್. ಕ್ಯೂಎಸ್ ವಿಷಯವಾರು ಪಟ್ಟಿಯಲ್ಲಿ ಜಿಂದಾಲ್ ಜಗತ್ತಿನ ಮೊದಲ ನೂರು ಕಾನೂನು ಶಾಲೆಗಳೊಳಗೆ ಬಂದಿದೆ. ಆದರೆ ಕೇಂದ್ರ ಸರ್ಕಾರ 2018ರಿಂದ ಕಾನೂನು ಶಿಕ್ಷಣಕ್ಕೂ ಪ್ರಕಟಿಸುತ್ತಿರುವ ಎನ್‌ಐಆರ್‌ಎಫ್ ಪಟ್ಟಿಯ ತುದಿಯಲ್ಲಿರುವುದು ನಾಗರಭಾವಿಯ ಶಾಲೆ. ಕ್ಯೂಎಸ್‌ನಲ್ಲಿ ಅಧ್ಯಾಪಕರು ಮತ್ತು ಉದ್ಯೋಗದಾತರ ನಡುವೆ ನಡೆಸುವ ಖ್ಯಾತಿ ಸಮೀಕ್ಷೆಗೆ ಹೆಚ್ಚಿನ ತೂಕ. ಹಾಸನದಿಂದಲೋ ಸಿಂಧನೂರಿನಿಂದಲೋ ಹೋದ ಹುಡುಗಿಗೆ ಐದು ವರ್ಷಗಳ ನಂತರ ಯಾವ ದಾರಿಗಳು ತೆರೆದಿರುತ್ತವೆ ಎನ್ನುವುದನ್ನು ಎರಡೂ ಪಟ್ಟಿಗಳು ಹೇಳುವುದಿಲ್ಲ.

ಆ ದಾರಿಗಳನ್ನು ನಿರ್ಧರಿಸುವುದು ಹೆಚ್ಚಾಗಿ ಶುಲ್ಕ. ಜಿಂದಾಲ್‌ನಲ್ಲಿ ಬೋಧನೆ, ಹಾಸ್ಟೆಲ್ಲು, ಊಟ ಎಲ್ಲ ಸೇರಿ ವರ್ಷಕ್ಕೆ ಹಲವು ಲಕ್ಷ ರೂಪಾಯಿ. ಮಧ್ಯಮ ವರ್ಗದ ಕುಟುಂಬವೊಂದು ಐದು ವರ್ಷಕ್ಕೆ 30 ಲಕ್ಷ ಸಾಲ ಮಾಡಿತು ಎಂದುಕೊಳ್ಳೋಣ. ಶೇಕಡ 10ರ ಬಡ್ಡಿಯಲ್ಲಿ ಹತ್ತು ವರ್ಷದೊಳಗೆ ತೀರಿಸಲು ತಿಂಗಳ ಕಂತು ಸುಮಾರು 39,600 ರೂಪಾಯಿ. ಓದುವ ವರ್ಷಗಳ ಬಡ್ಡಿ ಇದರಲ್ಲಿ ಸೇರಿಲ್ಲ. ಇನ್ನೊಂದು ಕಡೆ, ಸೀನಿಯರ್ ವಕೀಲರು ತಮ್ಮ ಜೂನಿಯರ್‌ಗಳಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ. ಅಷ್ಟೂ ಕೈಗೆ ಬಂತು ಎಂದೇ ಲೆಕ್ಕ ಹಾಕಿದರೂ ನಗರದಲ್ಲಿ ಅರ್ಧ ಕಂತಿಗಷ್ಟೇ ಸಾಲುತ್ತದೆ, ಗ್ರಾಮಾಂತರದಲ್ಲಿ ಅದಕ್ಕೂ ಸಾಲದು.

ಹೀಗಾಗಿ ಸಾಲ ಹೊತ್ತ ವಿದ್ಯಾರ್ಥಿ ಮುಂಬೈ, ದೆಹಲಿ, ಬೆಂಗಳೂರಿನ ದೊಡ್ಡ ಕಾರ್ಪೊರೇಟ್ ಲಾ ಫರ್ಮುಗಳ ಕಡೆ ನೋಡಲೇಬೇಕಾಗುತ್ತದೆ. ಅಲ್ಲಿನ ಕೆಲಸ ಕೀಳೆಂದು ಹೇಳುತ್ತಿಲ್ಲ. ಆದರೆ ಬಡವರ ಪರ ವಾದಿಸಬೇಕು, ಧಾರವಾಡ ಅಥವಾ ಕಲಬುರಗಿ ಹೈಕೋರ್ಟ್ ಪೀಠದಲ್ಲಿ ನಿಲ್ಲಬೇಕು ಎಂದು ಹೊರಟ ಹುಡುಗಿಯ ಆಯ್ಕೆಯನ್ನು ಮೊದಲ ವರ್ಷದಲ್ಲೇ ಬ್ಯಾಂಕು ಮಾಡಿಬಿಟ್ಟಿರುತ್ತದೆ. ನ್ಯಾಯಾಧೀಶೆಯಾಗುವ ಆಸೆಯಿದ್ದವಳಿಗಂತೂ ಇದು ಇನ್ನೂ ಬಿಗಿ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕುವ ಮೊದಲು ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಆ ಮೂರು ವರ್ಷವೂ ಕಂತು ನಿಲ್ಲುವುದಿಲ್ಲ.

ಇನ್ನು ಭಾಷೆ. ನಮ್ಮ ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಕ್ಷಿಗಳು ಮಾತಾಡುವುದು ಕನ್ನಡದಲ್ಲಿ, ಪಾಟೀಸವಾಲು ನಡೆಯುವುದೂ ಬಹುಮಟ್ಟಿಗೆ ಕನ್ನಡದಲ್ಲೇ. ಪಾಲು ವಿಭಾಗದ ದಾವೆ ಹಿಡಿದವರು ಪಹಣಿ ಓದಬೇಕು, ಪೋಡಿಯಾಗಿದೆಯೋ ಇಲ್ಲವೋ ನೋಡಬೇಕು, ಹಳೆಯ ಕ್ರಯಪತ್ರದ ಚಕ್ಕುಬಂದಿ ತಾಳೆ ಹಾಕಬೇಕು. ಸೋನಿಪತ್‌ನ ಪಾಠ ಇದನ್ನು ಕಲಿಸಲಾರದು. ಅದಕ್ಕಾಗಿ ಆ ಶಾಲೆಯನ್ನು ದೂರುವುದು ತಪ್ಪು. ಊರಿಗೆ ಮರಳಿ ವಕೀಲಿ ಮಾಡುವವರು ಮಾತ್ರ ಇದನ್ನು ಮೊದಲೇ ತಿಳಿದಿರಬೇಕು. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು, ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು ನಡೆಸುತ್ತಿರುವವರೂ ಖಾಸಗಿ ಶಿಕ್ಷಣ ಸಂಸ್ಥೆಗಳೇ. ಅಲ್ಲಿ ಓದುತ್ತಲೇ ಸಂಜೆ ಊರಿನ ವಕೀಲರ ಕಚೇರಿಯಲ್ಲಿ ಕಡತ ಹಿಡಿಯಬಹುದು. ಬೆಳಗಾವಿಯಲ್ಲಿ ಓದಿದ ಇ. ಎಸ್. ವೆಂಕಟರಾಮಯ್ಯ ಭಾರತದ ಮುಖ್ಯ ನ್ಯಾಯಮೂರ್ತಿಯಾದರು.

ಸಾಲವಿಲ್ಲದೆ ಓದಿಸುವ ಶಕ್ತಿ ಮನೆಗಿದ್ದು, ಸಂಶೋಧನೆ, ವಿದೇಶದಲ್ಲಿ ಎಲ್‌ಎಲ್‌ಎಂ ಅಥವಾ ಕಾರ್ಪೊರೇಟ್ ವಕೀಲಿಯಲ್ಲಿ ಆಸೆಯಿದ್ದರೆ ಜಿಂದಾಲ್ ಒಳ್ಳೆಯ ಆಯ್ಕೆ. ದೊಡ್ಡ ವಿದ್ಯಾರ್ಥಿವೇತನ ಸಿಕ್ಕವರಿಗೂ ಅದೇ ಮಾತು. ಆದರೆ ಅದು ಐದೂ ವರ್ಷಕ್ಕೆ ಖಚಿತವೇ, ಅಂಕ ಕಡಿಮೆಯಾದರೆ ನಿಲ್ಲುತ್ತದೆಯೇ ಎಂಬುದನ್ನು ಬರಹದಲ್ಲೇ ಪಡೆಯಬೇಕು. ಉದ್ಯೋಗದ ವಿಚಾರದಲ್ಲಿ ಅತಿ ಹೆಚ್ಚಿನ ಸಂಬಳದ ಅಂಕಿ ಕೇಳಿ ಪ್ರಯೋಜನವಿಲ್ಲ. ಇಡೀ ತರಗತಿಯಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಕೋರ್ಟಿಗೆ ಹೋದವರೆಷ್ಟು ಎಂದು ಕೇಳಬೇಕು. ದೊಡ್ಡ ಸಾಲ ಮಾಡಿ, ಮರಳಿ ಬಂದು ಜಿಲ್ಲಾ ನ್ಯಾಯಾಲಯದಲ್ಲಿ ನಿಲ್ಲುವ ಯೋಚನೆಯಿರುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಶಾಲೆಯ ಮೇಲೂ ಒಂದು ಹೊಣೆಯಿದೆ. ಹಾರ್ವರ್ಡ್ ಕಾನೂನು ಶಾಲೆ 1978ರಿಂದ ಒಂದು ಯೋಜನೆ ನಡೆಸುತ್ತಿದೆ: ಪದವಿಯ ನಂತರ ಕಡಿಮೆ ಸಂಬಳದ ಕೆಲಸ ಆರಿಸಿಕೊಂಡವರ ಸಾಲದ ಕಂತಿಗೆ ಶಾಲೆಯೇ ನೆರವಾಗುತ್ತದೆ. ಜಾಗತಿಕ ಮಟ್ಟದ ಹೆಸರು ಬಯಸುವ ನಮ್ಮ ಖಾಸಗಿ ಶಾಲೆಗಳು ಅಲ್ಲಿಂದ ಮೊದಲು ತರಬೇಕಾದದ್ದು ಇದನ್ನು. ತಾಲ್ಲೂಕು ನ್ಯಾಯಾಲಯ ಆರಿಸಿಕೊಂಡ ಪದವೀಧರೆಯ ಕಂತಿನಲ್ಲಿ ನಿಮ್ಮ ಪಾಲೆಷ್ಟು ಎಂದು ಪ್ರವೇಶ ವಿಭಾಗದಲ್ಲಿ ಪ್ರತಿ ಪೋಷಕರೂ ಕೇಳಲಿ.